ಇಂಜಿನ್‌ಗೆ ಡೀಸೆಲ್ ಹಾಕಿ ತೊಳೆಯೋ ಮುಂಚೆ ಒಂದು ಮಾತು



ನಿನ್ನೆ ಸಂಜೆ ನಮ್ಮೂರಲ್ಲಿ ಒಬ್ಬರ ಮನೆ ಮುಂದೆ ಟ್ರ್ಯಾಕ್ಟರ್ ಆಯಿಲ್ ಬದಲಿ ನಡೆದಿತ್ತು. ಹಳೇ ಆಯಿಲ್ ಇಳಿಸಿ, ಚೇಂಬರ್‌ಗೆ ಡೀಸೆಲ್ ಸುರಿದು, ಇಂಜಿನ್ ಚಾಲೂ ಮಾಡೋದರಲ್ಲಿದ್ರು. "ಒಳಗಿರೋ ಗಸಿ ಎಲ್ಲಾ ತೊಳ್ಕೊಂಡು ಬರ್ತತಿ ಕಾಕಾ" ಅಂದ ಹುಡುಗ. ನಾನು ತಡೆದೆ. ಯಾಕೆ ತಡೆದೆ ಅಂತ ಎಲ್ಲರಿಗೂ ಗೊತ್ತಾಗ್ಲಿ ಅಂತ ಇದನ್ನ ಬರೀತಿದೀನಿ.

ಇದೇ ಕೆಲಸ ನಾನೂ ಮಾಡಿಸಿದ್ದೆ. ಭದ್ರಾ ನಾಲೆಗೆ ನೀರು ಬಿಟ್ಟ ವಾರ. ಸಸಿ ನಾಟಿಗೆ ಬಂದಿತ್ತು. ಅದಕ್ಕೂ ಮುಂಚೆ ಎರಡು ಬೆಳೆ ಕಾಲ ಆಯಿಲ್ ಬದಲಿ ಮಾಡಿರಲಿಲ್ಲ. ಅವರ್ ಮೀಟರ್ ಕೇಬಲ್ ಕಿತ್ತುಹೋಗಿತ್ತು, ಎಷ್ಟು ತಾಸು ಓಡೈತಿ ಅನ್ನೋ ಲೆಕ್ಕ ಇರಲಿಲ್ಲ. ತಪ್ಪು ನಂದೇ. ಮೆಕ್ಯಾನಿಕ್ ಡೀಸೆಲ್ ಹಾಕಿ ಕಾಲು ತಾಸು ಓಡಿಸಿದ. ಕರ್ರಗೆ ಗಸಿ ಬಂತು, ನಮಗೆಲ್ಲಾ ಖುಷಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದ್ವಿ.

ಎರಡನೇ ದಿನ ಕೇಜ್‌ವೀಲ್ ಹಾಕಿ ಕೆಸರು ಹೊಡೀತಿದ್ದಾಗ ಆಯಿಲ್ ದೀಪ ಮಿಣುಕಿತು. ವೈರ್ ಲೂಸ್ ಇರಬೇಕು ಅಂತ ಗದ್ದೆ ಮುಗಿಸೋ ಹಠಕ್ಕೆ ಬಿದ್ದೆ. ಸ್ವಲ್ಪ ಹೊತ್ತಿಗೆ ಟಕಟಕ ಶಬ್ದ ಶುರುವಾತು. ಬಿಚ್ಚಿ ನೋಡಿದ್ರೆ ಪಂಪಿನ ಜಾಲರಿ ತುಂಬಾ ಗಸಿ, ಬೇರಿಂಗ್ ಗೀರಿಬಿದ್ದು ಕ್ರ್ಯಾಂಕ್‌ವರೆಗೂ ಹೋಗಿತ್ತು. ನಾಟಿ ಕಾಲದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಸುಲಭಕ್ಕೆ ಸಿಗುತ್ತಾ? ಸಸಿ ಮಡಿಯಲ್ಲೇ ಬಲಿತು ನಿಂತವು. ಇಂಜಿನ್ ಖರ್ಚಿಗಿಂತ ಆ ನಷ್ಟ ದೊಡ್ಡದು.

ಆಗಿದ್ದು ಇಷ್ಟೇ. ಡೀಸೆಲ್‌ಗೆ ಆಯಿಲ್‌ನಷ್ಟು ದಪ್ಪ ಇಲ್ಲ. ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರೋ ಆಯಿಲ್ ಪದರವನ್ನ ಅದು ತೆಳು ಮಾಡುತ್ತೆ. ಪೂರ್ತಿ ಇಳಿಸಿದೆವು ಅಂದ್ಕೊಂಡ್ರೂ ಸಂದಿಯಲ್ಲಿ ಉಳಿದಿದ್ದು ಹೊಸ ಆಯಿಲ್‌ಗೆ ಸೇರುತ್ತೆ. ಇನ್ನು ಗಸಿ. ಅದು ಕರಗಿ ನೀರಾಗಲ್ಲ, ಚೂರು ಚೂರಾಗಿ ಕಿತ್ಕೊಂಡು ಬರ್ತತಿ. ಸ್ವಲ್ಪ ಹೊರಗೆ ಬೀಳುತ್ತೆ, ಮಿಕ್ಕಿದ್ದು ಜಾಲರಿಗೆ ಮೆತ್ಕೊಳ್ಳುತ್ತೆ.

ಅಂಗಡಿಯಲ್ಲಿ ಸಿಗೋ ಫ್ಲಶ್ ಡಬ್ಬಿ ಡೀಸೆಲ್‌ಗಿಂತ ವಾಸಿ. ಅದನ್ನ ಹಳೇ ಆಯಿಲ್ ಇದ್ದಾಗಲೇ ಸೇರಿಸಿ, ಲೋಡ್ ಇಲ್ಲದೆ ಡಬ್ಬಿ ಮೇಲೆ ಬರೆದಷ್ಟು ನಿಮಿಷ ಮಾತ್ರ ಓಡಿಸ್ತಾರೆ. ಆದ್ರೆ ನನ್ನ ಪ್ರಶ್ನೆ ಇದು: ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ಇಂಜಿನ್‌ಗೆ ಅದು ಬೇಕಿಲ್ಲ. ವರ್ಷಗಟ್ಟಲೆ ಗಸಿ ಕೂತ ಇಂಜಿನ್‌ಗೆ ಅದೂ ಅಪಾಯವೇ. ಹಂಗಾದ್ರೆ ದುಡ್ಡು ಯಾಕೆ ಕೊಡಬೇಕು?

ಆಯಿಲ್ ಕಪ್ಪಾದ ತಕ್ಷಣ ಹೆದರಬ್ಯಾಡ್ರಿ. ಡೀಸೆಲ್ ಇಂಜಿನ್ ಆಯಿಲ್‌ನಲ್ಲಿ ಮಸಿಯನ್ನ ಹಿಡಿದಿಟ್ಟುಕೊಳ್ಳೋ ಮದ್ದು ಇರುತ್ತೆ. ಬದಲಿಸಿದ ಸ್ವಲ್ಪ ತಾಸಿಗೇ ಕಪ್ಪಾಗೋದು ಸಹಜ, ಅದು ಕೆಲಸ ಮಾಡ್ತಾ ಐತಿ ಅಂತ ಅರ್ಥ. ಆಯಿಲ್ ಹಾಕೋ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡ್ರಿ. ಗ್ರೀಸ್‌ನಂಗೆ ದಪ್ಪಗೆ ಮೆತ್ಕೊಂಡಿದ್ರೆ ಅದು ಗಸಿ. ಹಾಲಿನಂಗೆ ಬೆಳ್ಳಗಿದ್ರೆ ನೀರು ಸೇರೈತಿ. ಕಡ್ಡಿಯಲ್ಲಿ ಮಟ್ಟ ತಾನೇ ಏರಿದ್ರೆ ಡೀಸೆಲ್ಲೋ ನೀರೋ ಸೋರ್ತಿರಬಹುದು. ಅದಕ್ಕೆ ಯಾವ ಫ್ಲಶ್ಶೂ ಮದ್ದಲ್ಲ.

ಗಸಿ ನಿಜವಾಗ್ಲೂ ದಪ್ಪ ಇದ್ರೆ ಚೇಂಬರ್ ಇಳಿಸಿ ಕೈಯಾರೆ ಒರೆಸಿ, ಜಾಲರಿ ತೊಳೆಸೋದೇ ದಾರಿ. ಕೆಲವು ಟ್ರ್ಯಾಕ್ಟರ್‌ನಲ್ಲಿ ಮುಂಭಾಗದ ಭಾರವೇ ಚೇಂಬರ್ ಮೇಲಿರುತ್ತೆ, ಅದಕ್ಕೆ ಮನೆ ಮುಂದೆ ಜಾಕ್ ಕೊಟ್ಟು ಬಿಚ್ಚಬ್ಯಾಡ್ರಿ. ಕಿರ್ಲೋಸ್ಕರ್ ಲೇತ್ ಮಾಡಿದ ಹರಿಹರ ನಮ್ಮದು, ಮೆಷಿನ್ ಕೆಲಸ ಬಲ್ಲೋರು ಇನ್ನೂ ಇದಾರೆ. ಅಂಥೋರ ಹತ್ರ, ನಾಲೆ ನೀರು ನಿಂತ ಬಿಡುವಿನಲ್ಲಿ ಮಾಡಿಸ್ರಿ. ಗಸಿ ತೆಳ್ಳಗಿದ್ರೆ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿ 50 ತಾಸು ಓಡಿಸಿ, ಮತ್ತೆ ಎರಡನ್ನೂ ಬದಲಿಸ್ರಿ. ನಿಧಾನಕ್ಕೆ ತಾನೇ ತೊಳೆಯುತ್ತೆ.

ಆಯಿಲ್ ಇಳಿಸುವಾಗ ಇಂಜಿನ್ ಬಿಸಿ ಇರಲಿ, ಅರ್ಧ ತಾಸು ಸೋರಲಿ. ಬಹಳ ಟ್ರ್ಯಾಕ್ಟರ್‌ಗೆ 250 ತಾಸಿಗೊಮ್ಮೆ ಬದಲಿ ಅಂತ ಇರುತ್ತೆ, ನಿಮ್ಮ ಪುಸ್ತಕ ನೋಡ್ಕೊಳ್ರಿ. ಧೂಳಿನ ಕೆಲಸ ಇದ್ರೆ ಏರ್ ಕ್ಲೀನರ್ ಮರೀಬ್ಯಾಡ್ರಿ. ಕಾರಿಗೂ ಇದೇ ಮಾತು: ಮಲೇಬೆನ್ನೂರಿಗೆ ಹೋಗಿ ಬರೋದಷ್ಟೇ ಆದ್ರೆ ಇಂಜಿನ್ ಸರಿಯಾಗಿ ಕಾಯೋದಿಲ್ಲ, ಒಳಗಿನ ತೇವ ಆರಲ್ಲ, ಗಸಿ ಬೇಗ ಕಟ್ಟುತ್ತೆ. ಕಿಲೋಮೀಟರ್ ಆಗಿಲ್ಲ ಅಂತ ಬಿಡದೆ ವರ್ಷಕ್ಕೊಮ್ಮೆಯಾದ್ರೂ ಬದಲಿಸ್ರಿ. ಹಳೇ ಆಯಿಲ್ ಮಾತ್ರ ಕಾಲುವೆಗೆ ಸುರೀಬ್ಯಾಡ್ರಿ, ಕೆಳಗಿನ ಗದ್ದೆಯೋರೂ ಅದೇ ನೀರು ಕಟ್ಟೋದು.

ನಾನೀಗ ಮೀಟರ್ ಕೇಬಲ್ ಹಾಕ್ಸೀನಿ. ಬದಲಿಸಿದ ತಾಸನ್ನ ಮಡ್‌ಗಾರ್ಡ್ ಒಳಗೆ ಬಣ್ಣದಲ್ಲಿ ಬರೆದೀನಿ. ದೀಪ ಮಿಣುಕಿದ್ರೆ ಗದ್ದೆ ಅರ್ಧಕ್ಕಿದ್ರೂ ಇಂಜಿನ್ ಆಫ್. ನೀವೂ ಇವತ್ತೇ ಒಂದ್ಸಲ ಮುಚ್ಚಳ ತೆಗೆದು ನೋಡ್ರಿ. ಏನು ಕಂಡ್ತು ಅಂತ ಕೆಳಗೆ ಬರೀರಿ.