ಮೇಷ್ಟ್ರು ನೆಟ್ಟ ಸಿಲಿಕಾನ್ ಬೆಳೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಾಂತಾ ಕ್ಲಾರಾ ಕಣಿವೆ 1930ರ ದಶಕದಲ್ಲಿ ಪ್ಲಮ್, ಏಪ್ರಿಕಾಟ್ ಹಣ್ಣುಗಳ ಸೀಮೆಯಾಗಿತ್ತು. ಅಲ್ಲಿನ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೇಡಿಯೊ ಎಂಜಿನಿಯರಿಂಗ್ ಕಲಿಸುತ್ತಿದ್ದ ಫ್ರೆಡರಿಕ್ ಟರ್ಮನ್ ಅವರಿಗೆ ಒಂದು ಕೊರಗಿತ್ತು. ತಾವು ತಿದ್ದಿ ಬೆಳೆಸಿದ ಜಾಣ ಹುಡುಗರೆಲ್ಲ ಕೆಲಸ ಹುಡುಕಿಕೊಂಡು ಸಾವಿರಾರು ಕಿಲೋಮೀಟರ್ ದೂರದ ಪೂರ್ವ ಕರಾವಳಿಗೆ ಹೊರಟುಹೋಗುತ್ತಿದ್ದರು. ಅವರ ವಿದ್ಯೆಗೆ ತಕ್ಕ ಉದ್ಯಮ ಈ ಭಾಗದಲ್ಲಿ ಹೆಚ್ಚಾಗಿ ಇರಲಿಲ್ಲ.

ಹಾಗಿದ್ದರೆ ಉದ್ಯಮವನ್ನು ತಾವೇ ಏಕೆ ಕಟ್ಟಬಾರದೆಂದು ಟರ್ಮನ್ ಶಿಷ್ಯರನ್ನು ಹುರಿದುಂಬಿಸಿದರು. ಪೂರ್ವದ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ್ದ ಡೇವಿಡ್ ಪ್ಯಾಕರ್ಡ್ ಅವರನ್ನು 1938ರಲ್ಲಿ ವಿದ್ಯಾರ್ಥಿವೇತನ ಕೊಡಿಸಿ ಮರಳಿ ಕರೆಸಿಕೊಂಡರು. ಮರುವರ್ಷ ಪ್ಯಾಕರ್ಡ್ ಮತ್ತು ಸಹಪಾಠಿ ವಿಲಿಯಂ ಹ್ಯೂಲೆಟ್ 538 ಡಾಲರ್ ಬಂಡವಾಳ ಹೂಡಿ, ಪಾಲೊ ಆಲ್ಟೊದ ಒಂದು ಕಾರ್ ಶೆಡ್ಡಿನಲ್ಲಿ ಕಂಪನಿ ಆರಂಭಿಸಿದರು.

ಅವರ ಮೊದಲ ಸರಕು ಆಡಿಯೊ ಆಸಿಲೇಟರ್. ಧ್ವನಿ ಉಪಕರಣಗಳನ್ನು ಪರೀಕ್ಷಿಸಲು ಬೇಕಾದ ಶುದ್ಧ ಸ್ವರವನ್ನು ಹೊರಡಿಸುವ ಯಂತ್ರವದು. ಹ್ಯೂಲೆಟ್ ಅದರೊಳಗೆ ಒಂದು ಪುಟ್ಟ ಬಲ್ಬನ್ನು ಇಟ್ಟಿದ್ದರು. ಬೆಳಕಿಗಾಗಿ ಅಲ್ಲ! ಸ್ವರ ಜೋರಾದರೆ ಬಲ್ಬಿನ ತಂತಿ ಬಿಸಿಯಾಗಿ ಅದರ ರೋಧ ಹೆಚ್ಚುತ್ತದೆ. ಆಗ ಮಂಡಲದ ವರ್ಧನೆ ತಾನಾಗಿಯೇ ತಗ್ಗುತ್ತದೆ. ಸ್ವರ ಕುಗ್ಗಿದರೆ ಇದಕ್ಕೆ ವಿರುದ್ಧ. ಪ್ರೌಢಶಾಲೆಯ ಪಾಠದಲ್ಲಿ ಬರುವ ಈ ಸರಳ ತತ್ವದಿಂದ ದುಬಾರಿ ಬಿಡಿಭಾಗಗಳ ಖರ್ಚು ಉಳಿಯಿತು. ವಾಲ್ಟ್ ಡಿಸ್ನಿ ಕಂಪನಿ ಇಂಥ 8 ಯಂತ್ರಗಳನ್ನು ಕೊಂಡಿತು.

1951ರಲ್ಲಿ ವಿಶ್ವವಿದ್ಯಾಲಯ ತನ್ನ ಜಮೀನಿನಲ್ಲೇ ಕೈಗಾರಿಕಾ ಪ್ರದೇಶ ತೆರೆಯಿತು. 1956ರಲ್ಲಿ, ಟ್ರಾನ್ಸಿಸ್ಟರ್ ಸಂಶೋಧಕರಲ್ಲೊಬ್ಬರಾದ ವಿಲಿಯಂ ಶಾಕ್ಲಿ ಇದೇ ಕಣಿವೆಯಲ್ಲಿ ಪ್ರಯೋಗಾಲಯ ಹೂಡಿದರು. ಅವರು ಮಹಾ ಪ್ರತಿಭಾವಂತರು. ಆದರೆ ಸಹೋದ್ಯೋಗಿಗಳನ್ನು ನಂಬಲಾರರು. ಬೇಸತ್ತ 8 ಮಂದಿ 1957ರಲ್ಲಿ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಸ್ಥಾಪಿಸಿದರು. ಅವರಲ್ಲೊಬ್ಬರಾದ ರಾಬರ್ಟ್ ನಾಯ್ಸ್ 1959ರಲ್ಲಿ ಸಿಲಿಕಾನ್ ತುಣುಕೊಂದರಲ್ಲೇ ಇಡೀ ಮಂಡಲವನ್ನು ಅಡಕಗೊಳಿಸುವ ವಿಧಾನ ರೂಪಿಸಿದರು. 1968ರಲ್ಲಿ ನಾಯ್ಸ್, ಗಾರ್ಡನ್ ಮೂರ್ ಅಲ್ಲಿಂದಲೂ ಹೊರಬಂದು ಇಂಟೆಲ್ ಕಟ್ಟಿದರು. 1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. ಅದೇ ವರ್ಷ ಪತ್ರಕರ್ತ ಡಾನ್ ಹೋಫ್ಲರ್ ಅವರ ಲೇಖನಮಾಲೆಯಿಂದ ಕಣಿವೆಗೆ 'ಸಿಲಿಕಾನ್ ವ್ಯಾಲಿ' ಎಂಬ ಹೆಸರು ಬಳಕೆಗೆ ಬಂತು.

ನೌಕರಿ ಬಿಟ್ಟವನು ಪೈಪೋಟಿಯ ಕಂಪನಿ ಸೇರದಂತೆ ತಡೆಯುವ ಕರಾರುಗಳಿಗೆ ಕ್ಯಾಲಿಫೋರ್ನಿಯಾದ ಕಾನೂನು ಸಾಮಾನ್ಯವಾಗಿ ಮನ್ನಣೆ ಕೊಡುವುದಿಲ್ಲ. ಹೀಗಾಗಿ ಜನರ ಜೊತೆ ಜ್ಞಾನವೂ ಕಂಪನಿಯಿಂದ ಕಂಪನಿಗೆ ಹರಿಯಿತು.

ಮಕ್ಕಳಿಗೆ ಭದ್ರವಾದ ಕೆಲಸ ಎಲ್ಲಿ ಸಿಕ್ಕೀತು ಎಂದು ತಂದೆತಾಯಿಗಳು ಚಿಂತಿಸುವುದು ಸಹಜ. ಕಲಿತ ವಿದ್ಯೆಯಿಂದ ಇದ್ದ ಊರಲ್ಲೇ ಏನು ಮಾಡಬಹುದು ಎಂದೂ ಒಮ್ಮೆ ಯೋಚಿಸಲು ಟರ್ಮನ್ ಕಲಿಸಿದರು. ಶಿಷ್ಯರು ಅದನ್ನು ಮರೆಯಲಿಲ್ಲ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಗುರುವಿನ ಹೆಸರಿನ ಎಂಜಿನಿಯರಿಂಗ್ ಭವನ ಎದ್ದು ನಿಂತದ್ದು ಹ್ಯೂಲೆಟ್ ಮತ್ತು ಪ್ಯಾಕರ್ಡ್ ಕೊಟ್ಟ ಹಣದಿಂದ.