ಧರ್ಮ ಯಾವುದು, ಮತ ಯಾವುದು?

ಮಕ್ಕಳನ್ನು ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ 'ಧರ್ಮ' ಎಂಬುದರ ಎದುರು ನಾವು ಯೋಚಿಸದೆಯೇ 'ಕ್ರೈಸ್ತ' ಎಂದು ಬರೆಯುತ್ತೇವೆ. ಅದರ ಕೆಳಗೆ 'ಜಾತಿ' ಎಂದಿರುವಲ್ಲಿ 'ರೋಮನ್ ಕಥೋಲಿಕ' ಎಂದು ತುಂಬುವವರೂ ನಮ್ಮಲ್ಲಿ ಇದ್ದಾರೆ. ಸಾರ್ವತ್ರಿಕ ಎಂಬ ಅರ್ಥವುಳ್ಳ ಗ್ರೀಕ್ ಪದವೊಂದು ಶಾಲಾ ದಾಖಲೆಯಲ್ಲಿ ಜಾತಿಯ ಹೆಸರಾಗಿ ಕುಳಿತಿರುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯದು. ಆದರೆ ಮೇಲಿನ ಸಾಲಿನ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಆದುದರಿಂದಲೇ ಹೆಚ್ಚು ಹಾನಿಕರವಾದುದು ಎಂಬುದು ನಮ್ಮ ಅಭಿಪ್ರಾಯ.

ಇಂಗ್ಲಿಷಿನ ರಿಲಿಜನ್ ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ಧರ್ಮ, ಮತ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಎರಡೂ ಸಂಸ್ಕೃತದಿಂದ ಬಂದವು. ಆದರೆ ಎರಡೂ ಒಂದೇ ಅಲ್ಲ. ಮತವೆಂದರೆ ಮನಸ್ಸು ಆಲೋಚಿಸಿ ಒಪ್ಪಿಕೊಂಡದ್ದು, ಅಭಿಪ್ರಾಯ. ಆದುದರಿಂದಲೇ ನಾವು ಮತಗಟ್ಟೆಗೆ ಹೋಗಿ ಮತದಾನ ಮಾಡುತ್ತೇವೆ, ಬಹುಮತಕ್ಕೆ ತಲೆಬಾಗುತ್ತೇವೆ. ಧರ್ಮವೆಂದರೆ ಧರಿಸುವಂಥದು, ಬಾಳನ್ನು ಎತ್ತಿಹಿಡಿಯುವಂಥದು. ಧರ್ಮಛತ್ರ, ಧರ್ಮಾಸ್ಪತ್ರೆ, ರಾಜಧರ್ಮ ಎನ್ನುವಾಗ ಯಾವ ಪಂಗಡದ ಹೆಸರೂ ನಮ್ಮ ಮನಸ್ಸಿಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು 'ಧರ್ಮ ಮಾಡಿ ತಾಯಿ' ಎಂದು ಬೇಡುವವನು ಆ ತಾಯಿ ಯಾವ ಸಮುದಾಯದವಳೆಂದು ಕೇಳುವುದಿಲ್ಲ. ಅವನು ಬಳಸಿದ ಅರ್ಥವೇ ಹಳೆಯದು, ಅರ್ಜಿಯಲ್ಲಿರುವುದು ಈಚಿನದು.

ರಿಲಿಜನ್ ಎಂಬ ಪದದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಅದರ ಮೂಲವಾದ 'ರೆಲಿಜಿಯೋ' ಎಂಬ ಲ್ಯಾಟಿನ್ ಪದವನ್ನು ಸಿಸಿರೊ 'ಮತ್ತೆ ಮತ್ತೆ ಶ್ರದ್ಧೆಯಿಂದ ಪರಿಶೀಲಿಸು' ಎಂಬ ಧಾತುವಿಗೆ ಸೇರಿಸಿದನು. ಕ್ರೈಸ್ತ ಲೇಖಕನಾದ ಲ್ಯಾಕ್ಟಾನ್ಶಿಯಸ್ 'ಬಂಧಿಸು' ಎಂಬ ಧಾತುವಿಗೆ ಸೇರಿಸಿದನು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರಿಗೆ ಅದು ಒಂದು ಸದ್ಗುಣ. ದೇವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಗುಣವಾದುದರಿಂದ ನ್ಯಾಯಕ್ಕೆ ಸಂಬಂಧಿಸಿದ್ದು. ಮಠಗಳಲ್ಲಿ ಆ ಪದಕ್ಕೆ ವ್ರತಬದ್ಧ ಜೀವನವೆಂಬ ಅರ್ಥವಿತ್ತು. ಇಂದಿಗೂ ಧರ್ಮಸಭೆಯ ಕಾನೂನಿನಲ್ಲಿ 'ರಿಲಿಜಿಯಸ್' ಎಂದರೆ ಸನ್ಯಾಸ ಸಂಸ್ಥೆಗಳ ಸದಸ್ಯರು ಮಾತ್ರ. ನಮ್ಮ ಧರ್ಮಕೇಂದ್ರದ ಗುರುಗಳು ಅಂಥ ಸಂಸ್ಥೆಗೆ ಸೇರಿದವರಲ್ಲವಾದರೆ ಆ ಲೆಕ್ಕದಲ್ಲಿ 'ಸೆಕ್ಯುಲರ್' ಗುರುಗಳು! ಒಂದರ ಪಕ್ಕದಲ್ಲೊಂದು ಇಟ್ಟು ಎಣಿಸಬಹುದಾದ ಹಲವು ರಿಲಿಜನ್‌ಗಳು ಎಂಬ ಅರ್ಥ ಯುರೋಪಿನಲ್ಲಿ ಬಲಗೊಂಡದ್ದು 16, 17ನೆಯ ಶತಮಾನಗಳ ಕಲಹಗಳ ನಂತರ. ನಮ್ಮ ನಾಡಿನಲ್ಲಿ ಅದನ್ನು ಗಟ್ಟಿಗೊಳಿಸಿದ ಸಾಧನಗಳಲ್ಲಿ 1871-72ರಲ್ಲಿ ಆರಂಭವಾದ ಬ್ರಿಟಿಷರ ಜನಗಣತಿಯೂ ಒಂದು. ಈ ಪದವನ್ನೇ ಕೈಬಿಡುವುದು ಮೇಲೆಂದು ವಿಲ್ಫ್ರೆಡ್ ಕಾಂಟ್‌ವೆಲ್ ಸ್ಮಿತ್ ಎಂಬ ವಿದ್ವಾಂಸರು 1962ರಲ್ಲಿ ವಾದಿಸಿದರು. ನಾವು ಅಷ್ಟು ದೂರ ಹೋಗಲಾರೆವು.

ಆದರೆ ಆದಿ ಕ್ರೈಸ್ತರು ತಮ್ಮ ನಂಬಿಕೆಯನ್ನು ಏನೆಂದು ಕರೆದುಕೊಂಡರು? ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅದಕ್ಕಿರುವ ಹೆಸರು 'ಮಾರ್ಗ' ಎಂದು. ಮಾರ್ಗದಲ್ಲಿ ನಡೆಯಬೇಕು, ಅದನ್ನು ಅರ್ಜಿಯಲ್ಲಿ ತುಂಬಲಾಗದು. ಸಂತ ಯಾಕೋಬರ ಪತ್ರವಂತೂ ನಿಷ್ಕಳಂಕ ಭಕ್ತಿಯ ಗುರುತನ್ನು ಅನಾಥರ ಮತ್ತು ವಿಧವೆಯರ ಆರೈಕೆಯಲ್ಲಿ ಕಾಣುತ್ತದೆ.

ಇದು ಕೇವಲ ಪದಗಳ ಜಿಜ್ಞಾಸೆಯಲ್ಲ. ಕರ್ನಾಟಕದಲ್ಲಿ 2022ರಲ್ಲಿ ಜಾರಿಗೆ ಬಂದ ಕಾಯ್ದೆಯ ಅಧಿಕೃತ ಹೆಸರಿನಲ್ಲಿದ್ದುದು ಧಾರ್ಮಿಕ ಸ್ವಾತಂತ್ರ್ಯದ ಹಕ್ಕಿನ ಸಂರಕ್ಷಣೆ. ಪರವಾದವರೂ ವಿರೋಧಿಸಿದವರೂ ಅದನ್ನು ಕರೆದದ್ದು ಮತಾಂತರ ನಿಷೇಧ ಕಾಯ್ದೆ ಎಂದೇ. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದಾಗಲೂ ಚರ್ಚೆ ನಡೆದದ್ದು ಅದೇ ಪದದಲ್ಲಿ. ಸಂವಿಧಾನದ 25ನೆಯ ಅನುಚ್ಛೇದ ಮೊದಲು ಹೇಳುವುದು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು. ಮತಾಂತರ ಎಂಬ ಪದದಲ್ಲಾದರೋ ಅಂತಃಸಾಕ್ಷಿಗೆ ಸ್ಥಳವೇ ಇಲ್ಲ. ಒಂದು ಪಟ್ಟಿಯಿಂದ ಹೆಸರು ಹೊಡೆದು ಇನ್ನೊಂದಕ್ಕೆ ಸೇರಿಸಿದ ಚಿತ್ರವಷ್ಟೇ ಕಾಣುತ್ತದೆ. ವಿಭೂತಿ ಬುಧವಾರ ನಮ್ಮ ಹಣೆಗೆ ಬೂದಿ ಹಚ್ಚಿ ಕೇಳುವ ಪರಿವರ್ತನೆ ಅದಲ್ಲ. ಆ ಪರಿವರ್ತನೆ ಹುಟ್ಟಿದ ಎಂಟನೆಯ ದಿನ ದೀಕ್ಷಾಸ್ನಾನ ಪಡೆದವನಲ್ಲಿ ಎಂಬತ್ತನೆಯ ವಯಸ್ಸಿನವರೆಗೂ ಆಗದೇ ಇರಬಹುದು.

ಅನ್ಯರನ್ನು ದೂಷಿಸುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಧರ್ಮಾಧ್ಯಕ್ಷರು, ಧರ್ಮಗುರುಗಳು, ಧರ್ಮಭಗಿನಿಯರು, ಧರ್ಮಕೇಂದ್ರ: ಧರ್ಮವೆಂಬ ಪದವನ್ನು ನಾವು ಪದವಿಗಳಿಗೂ ಕಟ್ಟಡಗಳಿಗೂ ಹಂಚಿಬಿಟ್ಟಿದ್ದೇವೆ. ಉಳಿದವರು 'ಶ್ರೀಸಾಮಾನ್ಯರು'; ಅವರ ಹೆಸರಿನಲ್ಲಿ ಧರ್ಮವಿಲ್ಲ. ತೂಕದಲ್ಲಿ ಮೋಸಮಾಡದ ಅಂಗಡಿಯವನ ಬಾಳನ್ನು ನಾವು ಪ್ರಾಮಾಣಿಕತೆ ಎನ್ನುತ್ತೇವೆಯೇ ಹೊರತು ಧರ್ಮವೆನ್ನಲು ಹಿಂಜರಿಯುತ್ತೇವೆ.

ಅರ್ಜಿಯನ್ನು ಖಾಲಿ ಬಿಡಿರೆಂದು ನಾವು ಹೇಳುತ್ತಿಲ್ಲ. ಕರ್ನಾಟಕದ ಮೀಸಲಾತಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿಯೂ, ಪರಿಶಿಷ್ಟ ಜಾತಿಗಳಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿಯೂ ಇದ್ದಾರೆ. ಬಡವರ ಮಕ್ಕಳ ಓದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅಲ್ಲಿ ಬರೆಯಬೇಕಾದುದನ್ನು ಬರೆಯೋಣ. ಆದರೆ ಪಂಗಡವನ್ನು ಹೇಳುವಾಗ ಮತವೆಂದೂ, ಬಾಳನ್ನು ಹೇಳುವಾಗ ಧರ್ಮವೆಂದೂ ಬಳಸುವುದಕ್ಕೆ ಯಾವ ಕಾನೂನೂ ಅಡ್ಡಿಯಾಗದು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಉಪಾಧ್ಯಾಯರು ಒಂದು ಸಣ್ಣ ಅಭ್ಯಾಸ ಕೊಟ್ಟುನೋಡಬಹುದು: ಯಾವ ಸಮುದಾಯದ ಹೆಸರನ್ನೂ ಎತ್ತದೆ 'ಧರ್ಮ' ಎಂಬ ಪದವನ್ನು ಬಳಸಿ ಐದು ವಾಕ್ಯ ಬರೆಯಿರಿ ಎಂದು. ಮಕ್ಕಳೊಡನೆ ಹಿರಿಯರೂ ಬರೆದರೆ ಒಳ್ಳೆಯದು.