ಸೋಲಿಗರ ಆರೋಗ್ಯ: ಔಷಧವೊಂದೇ ಸಾಕೆ?

ಮಲೆ ಮಹದೇಶ್ವರ ಬೆಟ್ಟಕ್ಕೆ ಯಾತ್ರೆ ಹೋಗುವ ಭಕ್ತರಿಗೆ ಸೋಲಿಗರು ಅಪರಿಚಿತರೇನಲ್ಲ. ಅಲ್ಲಿಯೂ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಪೋಡುಗಳೆಂದು ಕರೆಯುವ ಸಣ್ಣ ವಸತಿಗಳಲ್ಲಿ ಅವರು ತಲೆಮಾರುಗಳಿಂದ ಬಾಳಿದ್ದಾರೆ. ಅವರನ್ನು ಕಾಡುವ ಕಾಯಿಲೆಗಳಲ್ಲಿ ಒಂದು ಕುಡುಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ಅನೀಮಿಯಾ.

ಇದು ಅಂಟುರೋಗವಲ್ಲ, ವಂಶಪಾರಂಪರ್ಯವಾಗಿ ಬರುವಂಥದು. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ಶೇ. 25. ಒಬ್ಬರಿಂದ ಮಾತ್ರ ಆ ಗುಣವನ್ನು ಪಡೆದವರು ಸಾಮಾನ್ಯವಾಗಿ ಆರೋಗ್ಯವಂತರು. ತೀವ್ರ ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಉಂಟು. ಆದುದರಿಂದ ಇದು ಯಾವ ಕುಲದ ಕಳಂಕವೂ ಅಲ್ಲ.

ಆದರೆ ರೋಗವು ರಕ್ತದಲ್ಲಿದೆ ಎಂದು ಹೇಳಿ ಸುಮ್ಮನಾಗುವುದು ಅರ್ಧಸತ್ಯ. ನಿರ್ಜಲತೆ, ಚಳಿ, ಸೋಂಕುಗಳಿಂದ ನೋವು ಉಲ್ಬಣಿಸುತ್ತದೆ. ಹೈಡ್ರಾಕ್ಸಿಯೂರಿಯಾ ಮಾತ್ರೆ, ಲಸಿಕೆ, ಶುದ್ಧ ನೀರು ಸಕಾಲದಲ್ಲಿ ದೊರೆತರೆ ಸಂಕಟ ಬಹುಮಟ್ಟಿಗೆ ತಗ್ಗುತ್ತದೆ. ಅವು ದೊರೆಯದಿರುವುದಕ್ಕೆ ರಕ್ತ ಕಾರಣವಲ್ಲ. ದೂರ, ಬಡತನ, ಅಲಕ್ಷ್ಯ ಕಾರಣ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಧಾಮವಾದ ಮೇಲೆ ಸೋಲಿಗರ ಪೋಡು ಬೇಸಾಯ ನಿಂತಿತು. ಅದರೊಡನೆ ರಾಗಿ, ಗೆಡ್ಡೆ, ಸೊಪ್ಪುಗಳ ಅವರ ಊಟವೂ ಬಡವಾಯಿತು.

ಸಿರಿವಂತ ಆಸ್ಟ್ರೇಲಿಯಾದಲ್ಲಿಯೂ ಮೂಲನಿವಾಸಿಗಳ ಸರಾಸರಿ ಆಯುಷ್ಯ ಉಳಿದವರಿಗಿಂತ ಸುಮಾರು 8 ವರ್ಷ ಕಡಿಮೆ. ಆಸ್ಪತ್ರೆಗಳಿದ್ದರಷ್ಟೇ ಸಾಲದೆಂಬುದಕ್ಕೆ ಇದು ಸಾಕ್ಷಿ.

1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಈ ಸತ್ಯವನ್ನು ಅರಿತು, ಚಿಕಿತ್ಸೆಯ ಜೊತೆಗೆ ಶಾಲೆ, ಕಸುಬು, ಗಿರಿಜನ ಹೆಣ್ಣುಮಕ್ಕಳಿಗೆ ಶುಶ್ರೂಷಾ ತರಬೇತಿಗಳನ್ನೂ ಕೈಗೊಂಡಿತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯನ್ವಯ ಅಲ್ಲಿಯ ಸೋಲಿಗರಿಗೆ ಸಾಮುದಾಯಿಕ ಹಕ್ಕು ದೊರೆಯಿತು. ನಮ್ಮ ದೃಷ್ಟಿಯಲ್ಲಿ ಅದೂ ಆರೋಗ್ಯದ ಕಾರ್ಯವೇ.

2047ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ಅಭಿಯಾನವನ್ನು ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದೆ. ರಕ್ತಪರೀಕ್ಷೆ, ಕಾರ್ಡು ವಿತರಣೆಗಳು ಅಗತ್ಯವೇ. ಆದರೆ ಕಾರ್ಡು ನೋವನ್ನು ಕಳೆಯದು. ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಸಿಗಬೇಕು; ಪೋಡಿನ ಭಾಷೆ ಬಲ್ಲ ಪೋಡಿನ ಮಗಳೇ ದಾದಿಯಾಗಿ ಬರಬೇಕು; ಕಾಡಿನ ಹಕ್ಕು ಕಾಗದದಲ್ಲಿಯೇ ಉಳಿಯಬಾರದು. ಮದುವೆಗೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿರೆಂದು ಸೋಲಿಗರಿಗೆ ಬೋಧಿಸುವುದು ಸುಲಭ. ಈ ಮೂರನ್ನು ಕೊಡಿರೆಂದು ಆಳುವವರನ್ನು ಕೇಳುವುದು ಕಷ್ಟ. ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲವೆಂದು ಬಲ್ಲ ಸದ್ಭಕ್ತರು ಆ ಕಷ್ಟದ ಕೆಲಸಕ್ಕೆ ದನಿಗೂಡಿಸಬೇಕು.